ಸಕ್ರವ್ವನ ಗೋಡೆ ಮತ್ತು ಕೆಂಪು ನಾಜಲ್

ಇಳಕಲ್
೧೯ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಮೊಮ್ಮಗಳು ದಾನೇಶ್ವರಿಗೆ,

ನಿನ್ನ ಮುತ್ಯಾ ಅಂದಾನಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು. ಹೇಗಿದ್ದೀ ನನ್ನವ್ವಾ? ಬೂಟು ಕಚ್ಚಿದ ಹಿಮ್ಮಡಿ ಮಾಯಿತೇ? ಕೊಬ್ಬರಿ ಎಣ್ಣೆ ಹಚ್ಚಿ ಅದರ ಮೇಲೆ ಕಾಲುಚೀಲ ಹಾಕಿಕೋ ಎಂದಿದ್ದೆ, ನೀನು ಹೂಂ ಅಂದಿದ್ದೆ. ನಿನ್ನ ಹೂಂ ಎಂಥದ್ದು ಎಂದು ನನಗೆ ಗೊತ್ತಿದೆ, ಇವತ್ತಾದರೂ ಹಚ್ಚು. ಕಲಬುರಗಿಯ ಪೊಲೀಸ್ ತರಬೇತಿಯಲ್ಲಿ ಬೆಳಗಿನ ಐದಕ್ಕೇ ಓಡಿಸುತ್ತಾರೆ ಎಂದೆಯಲ್ಲ, ಈಗ ಚಳಿ ಬಿದ್ದಿದೆ, ಬೆವರು ಆರುವ ಮೊದಲು ತಣ್ಣೀರು ಕುಡಿಯಬೇಡ. ಊಟಕ್ಕೆ ರೊಟ್ಟಿ ಸಿಗುತ್ತದೆ ಎಂದು ಕೇಳಿ ಸಮಾಧಾನವಾಯಿತು. ಹೊಟ್ಟೆ ತುಂಬಿದ್ದರೆ ಬೈಗುಳ ಅಷ್ಟಾಗಿ ನಾಟುವುದಿಲ್ಲ, ಇದು ಕಲ್ಲಿನ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಮುಕಾದಮನ ಕೈಕೆಳಗೆ ದುಡಿದವನ ಅನುಭವ. ನಾನು ಆರಾಮವಾಗಿದ್ದೇನೆ. ಮೊಣಕಾಲು ಮಾತ್ರ ಮೋಡ ಕವಿದ ದಿನ ನನಗಿಂತ ಮೊದಲು ಎಚ್ಚರವಾಗುತ್ತದೆ. ನಿನ್ನವ್ವನೂ ಆರೋಗ್ಯವಾಗಿದ್ದಾಳೆ. ಸೀತಾಫಲದ ಗಿಡ ಈ ಸಲ ಇಪ್ಪತ್ತೆರಡು ಹಣ್ಣು ಕೊಟ್ಟಿತು, ಅದರಲ್ಲಿ ಅರ್ಧ ಅಳಿಲಿನ ಪಾಲಾಯಿತು.

ಭಾನುವಾರ ನಿಮಗೆ ಕೊಡುವ ಹತ್ತು ನಿಮಿಷದ ಫೋನಿನಲ್ಲಿ ಹೇಳಲಾಗದ ಮಾತೊಂದು ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಹೋದ ವಾರದ ಹಿಂದಿನ ಭಾನುವಾರ ನೀನು ಏನು ಸುದ್ದಿ ಎಂದು ಕೇಳಿದಾಗ “ಎಲ್ಲಾ ಆರಾಮ ಐತಿ” ಎಂದೆ. ಅದು ಸುಳ್ಳು. ಅವತ್ತು ನಮ್ಮ ಮನೆಯಲ್ಲಿ ಯಾವುದೂ ಆರಾಮ ಇರಲಿಲ್ಲ. ಕಾರಣ ನಾನು. ಅದನ್ನು ಮೊದಲಿನಿಂದ ಹೇಳುತ್ತೇನೆ. ತರಬೇತಿಯಲ್ಲಿ ನಿನಗೆ ಬಂದೂಕು ಬಿಚ್ಚಿ ಜೋಡಿಸಲು ಕಲಿಸುತ್ತಿರಬಹುದು, ನಿನ್ನವ್ವನ ನೀರು ಹೊಡೆಯುವ ಗನ್ನಿನ ಬಗ್ಗೆ ಮಾತ್ರ ನೀನು ಎಂದೂ ಕೇಳಿದವಳಲ್ಲ. ಆದ್ದರಿಂದ ಸ್ವಲ್ಪ ವಿವರಿಸಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡ.

ಅವಳು ಕಾರು, ಅಂಗಳ ತೊಳೆದು ನಮ್ಮ ಹೊಟ್ಟೆ ಹೊರೆಯುವ ಆ ಪ್ರೆಶರ್ ಮಷಿನ್ನಿನ ಜೊತೆ ಒಂದು ಡಬ್ಬಿ, ಡಬ್ಬಿಯಲ್ಲಿ ಐದು ಗೂಡು, ಗೂಡಿಗೊಂದು ನಾಜಲ್. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ತುಂಡುಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಗನ್ನಿನ ತುದಿಗೆ ಟಕ್ಕೆಂದು ಕೂಡಿಸಬೇಕು. ಮಷಿನ್ ಅದೇ, ನೀರೂ ಅದೇ, ಆದರೆ ತುದಿ ಬದಲಾದರೆ ನೀರಿನ ಸ್ವಭಾವವೇ ಬದಲಾಗುತ್ತದೆ. ಬಿಳಿಯದು ಹಾಕಿದರೆ ನೀರು ಮೊರದಷ್ಟು ಅಗಲವಾಗಿ ಹರಡಿಕೊಂಡು ಬರುತ್ತದೆ, ಕಾರಿನ ಬಣ್ಣಕ್ಕೂ ನೋವಾಗದು. ಹಸಿರಿನದು ಅದಕ್ಕಿಂತ ಬಿರುಸು, ಟ್ರ್ಯಾಕ್ಟರಿನ ಕೆಸರಿಗೆ ಸಾಕು. ಹಳದಿಯದು ಇನ್ನೂ ಕಿರಿದು, ಒಣಗಿ ಗಟ್ಟಿಯಾದ ಸಿಮೆಂಟನ್ನು ಎಬ್ಬಿಸುತ್ತದೆ. ಕಪ್ಪಿನದು ಸೋಪಿನ ನೀರಿಗೆ. ಕೊನೆಯದು ಕೆಂಪು. ಅದರಿಂದ ನೀರು ಹರಡುವುದೇ ಇಲ್ಲ, ದಬ್ಬಣದಂತೆ ಒಂದೇ ಎಳೆಯಾಗಿ ಹೊರಡುತ್ತದೆ. ಒಮ್ಮೆ ಪರೀಕ್ಷೆಗೆಂದು ನನ್ನ ಹಳೆಯ ಚಪ್ಪಲಿಗೆ ಹೊಡೆದೆ, ಆಚೆ ಬದಿಗೆ ತೂತು ಬಿತ್ತು. ಮನುಷ್ಯರ ಕೈಕಾಲಿನ ಹತ್ತಿರ ತರಲೇಬಾರದ ವಸ್ತು ಅದು. ಮಷಿನ್ ಮಾರಿದವನು ಎಲ್ಲ ಹೇಳಿಕೊಟ್ಟಿದ್ದ, ಆದರೆ ನಿನ್ನವ್ವ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಹೊಸ ಜಾಗಕ್ಕೆ ಹೋದಾಗಲೆಲ್ಲ ನನಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಾಳೆ: “ಮೊದಲ ಬಿಳೀದು ಹಾಕೂದ್ರಿ ಮಾವಾರ. ಎರಡ ಮೊಳ ದೂರ ನಿಂದ್ರೂದು. ಯಾರ ಕಣ್ಣಿಗೂ ಬೀಳದ ಮೂಲ್ಯಾಗ ಹೊಡದ ನೋಡೂದು. ಹೋಗಲಿಲ್ಲಂದ್ರ ಒಂದ ಗೇಣ ಮುಂದ ಬರೂದು. ಆಗೂ ಹೋಗಲಿಲ್ಲಂದ್ರಷ್ಟ ಬ್ಯಾರೆ ನಾಜಲ್ ವಿಚಾರ.” ಎರಡು ವರ್ಷದಲ್ಲಿ ಅವಳು ಕೆಂಪು ನಾಜಲನ್ನು ನಾಲ್ಕು ಸಲವೂ ಮುಟ್ಟಿಲ್ಲ.

ನನಗೆ ಈ ಪದ್ಧತಿ ಒಳಗೊಳಗೇ ನಗೆ ತರಿಸುತ್ತಿತ್ತು. ನಾನು ಕಲ್ಲಿನ ಧೂಳು ಉಂಡು ಮುದುಕನಾದವನು. ನಮ್ಮ ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ನೀನು ಯಾವ ನಾಜಲ್ ಬೇಕಾದರೂ ಹೊಡೆ, ಅದು ಮೈ ತೊಳೆದುಕೊಂಡ ಎಮ್ಮೆಯಂತೆ ಇನ್ನಷ್ಟು ಹೊಳೆಯುತ್ತದೆ. ಅದೇ ಕಲ್ಲು ಹಾಸಿದ ಶೋರೂಮಿನವರ ಅಂಗಳ ತೊಳೆಯುವಾಗ ಅವಳು ಬಿಳಿಯದು ಹಿಡಿದು ತಾಸುಗಟ್ಟಲೆ ನಿಂತರೆ ನನಗೆ ಕೈ ತುರಿಸುತ್ತಿತ್ತು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನಿನ್ನ ಅಪ್ಪ ಸುನೀಲಕುಮಾರ ತೀರಿಹೋದ ಮೇಲೆ ಮನೆ ನಡೆಸುವವಳು ಅವಳು, ಗನ್ ಹಿಡಿಯುವವಳು ಅವಳು, ಪೈಪು ಸುರುಳಿ ಸುತ್ತುವವನು ನಾನು. ಓಣಿಯಲ್ಲಿ ಯಾರಾದರೂ ನಿಂತು ನೋಡಿದರೆ ನನಗೆ ಒಂಥರಾ ಆಗುತ್ತಿತ್ತು. ಅರವತ್ತೆಂಟರ ವಯಸ್ಸಿನಲ್ಲಿ ಈ ಒಂಥರಾ ಬರಬಾರದು, ಆದರೆ ಬರುತ್ತಿತ್ತು.

ದೀಪಾವಳಿಯ ಮುಂಚೆ ನಾಗಲಿಂಗ ಎನ್ನುವವರು ಕಾರು ತೊಳೆಸಲು ನಮ್ಮಲ್ಲಿಗೆ ಬಂದಿದ್ದರು. ಹುನಗುಂದದ ಕೋರ್ಟಿನಲ್ಲಿ ಗುಮಾಸ್ತರು, ಸಣ್ಣ ದನಿಯ ಮನುಷ್ಯ. ಅವರ ಊರು ಪಟ್ಟದಕಲ್ಲಿಗೆ ಸಮೀಪ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಅವರ ತಾಯಿ ಸಕ್ರವ್ವ, ಎಪ್ಪತ್ತಾರು ವರ್ಷದವಳು, ಈ ಸಲ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವುದು ಬೇಡ, ಇದ್ದ ಸುಣ್ಣ ತೆಗೆಯಿರಿ ಎಂದು ಹಟ ಹಿಡಿದಿದ್ದಳಂತೆ. ಕಾರಣ ಹೇಳುತ್ತೇನೆ ಕೇಳು. ಅವಳು ಮದುವೆಯಾಗಿ ಬಂದ ವರ್ಷ ಅವಳ ಗಂಡ ಗದಿಗೆಪ್ಪ ಬಾಗಿಲಿನ ಬಲಗಡೆಯ ಕಲ್ಲಿನಲ್ಲಿ ಅವಳ ಹೆಸರು ಕಡೆದಿದ್ದ. ಹೆಂಡತಿಯ ಹೆಸರನ್ನು ಗಂಡ ಬಾಯಲ್ಲಿ ಹೇಳದ ಕಾಲ ಅದು. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಸ್ವಂತ ಉಳಿ, ಒಂದು ವಾರದ ಕೆಲಸ. ಊರೆಲ್ಲ ನಕ್ಕಿತು. ಮಾವ ಸಿಟ್ಟಿಗೆದ್ದು ಅದೇ ದೀಪಾವಳಿಗೆ ಅದರ ಮೇಲೆ ಸುಣ್ಣ ಬಳಿಸಿದ. ಆಮೇಲೆ ವರ್ಷ ವರ್ಷ ಸುಣ್ಣ, ಸುಣ್ಣದ ಮೇಲೆ ಬಣ್ಣ, ರೊಟ್ಟಿಯಷ್ಟು ದಪ್ಪ. ಸಕ್ರವ್ವನಿಗೆ ಆಗ ಓದಲು ಬರುತ್ತಿರಲಿಲ್ಲ. ಈಗ ಪೆನ್ಶನ್ನಿಗೆ ಹೆಬ್ಬೆಟ್ಟು ಒತ್ತಲು ನಾಚಿಕೆಯಾಗಿ ತನ್ನ ಹೆಸರು ಬರೆಯಲು ಕಲಿತಿದ್ದಾಳೆ. “ಅವ್ವ ತನ್ನ ಹೆಸರ ಓದಬೇಕಂತಾಳ್ರಿ” ಎಂದರು ನಾಗಲಿಂಗ. ಗಂಡ ತೀರಿಕೊಂಡು ಆರು ವರ್ಷ.

ನಿನ್ನವ್ವ ಒಮ್ಮೆಲೇ ಒಪ್ಪಲಿಲ್ಲ. ಆ ಕಡೆಯದು ಮೆತ್ತನೆಯ ಉಸುಕಿನ ಕಲ್ಲು, ನಮ್ಮ ಕಲ್ಲಿನಂತಲ್ಲ, ನೋಡಿ ಹೇಳುತ್ತೇನೆ ಎಂದಳು. ಹಬ್ಬ ಮುಗಿದ ಮೇಲೆ ಬುಧವಾರ ಬಾಡಿಗೆಯ ಸಣ್ಣ ಟೆಂಪೋದಲ್ಲಿ ಮಷಿನ್ ಹೇರಿಕೊಂಡು ಅಮೀನಗಡ, ಐಹೊಳೆ ದಾಟಿ ಹೋದೆವು. ಅವಳು ಹಿತ್ತಲಿನ ಗೋಡೆಯ ಮೂಲೆಯಲ್ಲಿ ಕೂತು ಮೊದಲು ಬಿಳಿಯದು, ಆಮೇಲೆ ಹಸಿರಿನದು ಹೊಡೆದು ನೋಡಿದಳು. ನನ್ನನ್ನು ಕರೆದು ಕೆಳಗೆ ಹರಿಯುವ ನೀರು ತೋರಿಸಿದಳು. “ನೋಡ್ರಿ ಮಾವಾರ, ನೀರ ಬೆಳ್ಳಗ ಬಂದ್ರ ಸುಣ್ಣ ಹೊಂಟೈತಿ. ಕೆಂಪಗ ಬಂದ್ರ ಕಲ್ಲ ಹೊಂಟೈತಿ.” ಹಸಿರಿನದಕ್ಕೆ ನೀರು ಆಗಲೇ ಕೆಂಪಾಗಿತ್ತು. ಆದ್ದರಿಂದ ಬಿಳಿಯದೇ ಗಟ್ಟಿಯಾಯಿತು. ಗೋಡೆಗೆ ಎರಡು ತಾಸು ನೀರು ಉಣಿಸಿ ಸುಣ್ಣ ನೆನೆಸಿ, ದೂರ ನಿಂತು, ಮಗುವಿನ ತಲೆಗೆ ನೀರೆರೆದ ಹಾಗೆ ಹೊಡೆಯತೊಡಗಿದಳು. ಸಕ್ರವ್ವ ಎದುರಿನ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಅಲ್ಲಿಂದ ಕದಲಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಮೊರದಷ್ಟು ಜಾಗ ತೆರೆಯಿತು. ಅದರ ಎಡ ಅಂಚಿನಲ್ಲಿ ಕೊನೆಯ ಅಕ್ಷರ, ‘ವ್ವ’, ಮೂಡಿತು. ದಾನೇಶ್ವರಿ, ಆ ಮುದುಕಿ ಎದ್ದು ಬಂದು ಅದನ್ನು ನೋಡಿದ್ದನ್ನು ನೀನು ನೋಡಬೇಕಿತ್ತು. ಬೆರಳು ಇಡಲಿಲ್ಲ, ಮುಖ ಹತ್ತಿರ ತಂದು ಮೂಸಿದ ಹಾಗೆ ಮಾಡಿದಳು. ಆಮೇಲೆ ನಿನ್ನವ್ವನ ಕೈ ಹಿಡಿದು, “ಉಂಡ ಮಾಡುವಂತಿ ಬಾ, ಎಲ್ಲಿ ಓಡಿ ಹೊಕ್ಕೈತಿ ಅದು” ಎಂದು ಒಳಗೆ ಕರೆದುಕೊಂಡು ಹೋದಳು. ನಾಗಲಿಂಗರೂ ಹೋದರು. ನನಗೆ ಹಸಿವಿಲ್ಲ, ಆಮೇಲೆ ಬರುತ್ತೇನೆ ಎಂದು ಹೊರಗೇ ಉಳಿದೆ. ಆಗ ದಾರಿಯಲ್ಲಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬಾತ ನಿಂತು, “ಏನ್ ಯಜಮಾನ್ರ, ಸೊಸಿ ಗನ್ ಹಿಡ್ಯಾಕತ್ತಾಳ, ನಿಮಗ ಪೈಪ್ ಕೊಟ್ಟಾಳೇನು?” ಎಂದು ನಕ್ಕು ಹೋದ.

ಅವನ ಮೇಲೆ ತಪ್ಪು ಹೊರಿಸುವುದಿಲ್ಲ. ಅವನ ಮಾತು ಇರದಿದ್ದರೂ ನಾನು ಅದನ್ನು ಮಾಡುತ್ತಿದ್ದೆನೇನೋ. ನನ್ನ ಮನಸ್ಸಿನಲ್ಲಿ ಒಳ್ಳೆಯದೂ ಇತ್ತು, ಅದನ್ನೂ ನಂಬು. ಆ ಮುದುಕಿ ಉಂಡು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಪೂರ್ತಿ ಹೆಸರು ಅವಳ ಮುಂದೆ ಇರಬೇಕು, ಯಾರು ತೆಗೆದರು ಎಂದರೆ ಇಳಕಲ್ಲಿನ ಅಂದಾನಪ್ಪ ತೆಗೆದ ಅನ್ನಬೇಕು. ಡಬ್ಬಿ ತೆರೆದೆ. ಬಿಳಿಯದನ್ನು ಕಿತ್ತು ಕೆಂಪಿನದನ್ನು ಕೂಡಿಸಿದೆ. ಗೋಡೆಯ ಹತ್ತಿರ ಹೋಗಿ ಒತ್ತಿದೆ. ಸುಣ್ಣ ಹಪ್ಪಳದಂತೆ ಎದ್ದು ಹಾರಿತು, ನನಗೆ ಎಂಥ ಖುಷಿಯಾಯಿತು ಅಂತೀ! ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ. ಇಪ್ಪತ್ತು ಎಣಿಸುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ. ಕಾಲಿನ ಹತ್ತಿರ ನೀರು ಬೆಚ್ಚಗಾದಂತೆನಿಸಿ ಕೆಳಗೆ ನೋಡಿದೆ. ಬೆಚ್ಚಗೇನೂ ಆಗಿರಲಿಲ್ಲ, ಕೆಂಪಗಾಗಿತ್ತು. ಕುಂಕುಮ ಕದಡಿದ ಹಾಗೆ ಹರಿದು ಗಟಾರಿಗೆ ಹೋಗುತ್ತಿತ್ತು. ಗನ್ ಬಿಟ್ಟು ಗೋಡೆ ನೋಡಿದೆ. ‘ಸ’ ಇರಬೇಕಾದಲ್ಲಿ ಹಸಿ ಕಲ್ಲು, ‘ಕ್ರ’ ಇರಬೇಕಾದಲ್ಲಿ ಒಂದು ಬಾಗಿದ ಗೆರೆ, ಅದರ ಆಚೆ ನಿನ್ನವ್ವ ಬಿಡಿಸಿಟ್ಟು ಹೋಗಿದ್ದ ‘ವ್ವ’. ಸುಣ್ಣದ ಕೆಳಗೆ ಐವತ್ತೇಳು ವರ್ಷ ಬೆಚ್ಚಗೆ ಮಲಗಿದ್ದ ಎರಡು ಅಕ್ಷರಗಳನ್ನು ಯಾರೂ ನೋಡುವ ಮೊದಲೇ ನಾನು ತೊಳೆದುಬಿಟ್ಟಿದ್ದೆ.

ಮುಂದೆ ಮಾಡಿದ್ದು ಅದಕ್ಕಿಂತ ಕೀಳು. ಕೆಂಪು ನಾಜಲನ್ನು ಕಿತ್ತು ಕಿಸೆಗೆ ಹಾಕಿಕೊಂಡು ಬಿಳಿಯದನ್ನು ಮತ್ತೆ ಕೂಡಿಸಿದೆ. ನಿನ್ನವ್ವ ಹೊರಗೆ ಬಂದಳು. ಗೋಡೆ ನೋಡಿದಳು, ನೀರು ನೋಡಿದಳು, ಗನ್ನಿನ ತುದಿ ನೋಡಿದಳು. ಆಮೇಲೆ ತೆರೆದಿದ್ದ ಡಬ್ಬಿಯತ್ತ ನೋಡಿದಳು, ಅಲ್ಲಿ ಕೆಂಪಿನ ಗೂಡು ಖಾಲಿ ಇತ್ತು. ನನ್ನ ಮುಖ ಮಾತ್ರ ನೋಡಲಿಲ್ಲ. ಹಿಂದೆಯೇ ನಾಗಲಿಂಗರು ಬಂದರು. “ಏನಾತ್ರಿ ಇದು? ನಮ್ಮವ್ವನ ಹೆಸರ ಎಲ್ಲೈತ್ರಿ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಖರೆ ಹೇಳಬೇಕೆಂದರೆ ನಾನು ತೆರೆಯದೇ ಇದ್ದಾಗ, ನಿನ್ನವ್ವ ಮುಂದೆ ಬಂದಳು. “ನನ್ನ ತಪ್ಪಾತ್ರಿ. ನಾಜಲ್ ತಪ್ಪ ಹಾಕಿಟ್ಟ ಉಣ್ಣಾಕ ಬಂದೆ. ಮಾವಾರಿಗೆ ಗೊತ್ತಿರಲಿಲ್ಲ.” ನಾಗಲಿಂಗರು ಅವಳಿಗೆ ಕೇಳುವಂತೆಯೇ ನನ್ನ ಕಡೆ ತಿರುಗಿದರು. “ಹೆಣ್ಮಕ್ಕಳ ಕೈಯಾಗ ಮಷಿನ್ ಯಾಕ ಕೊಡ್ತೀರಿ ಯಜಮಾನ್ರ? ನಿಮ್ಮಂಥಾವ್ರು ಹಿಡೀಬೇಕಿತ್ತು” ಎಂದರು. ಆಗಲೂ ನಾನು ಸುಮ್ಮನೆ ನಿಂತಿದ್ದೆ. ಸಕ್ರವ್ವ ಬಾಗಿಲಲ್ಲಿ ನಿಂತು ನಮ್ಮೆಲ್ಲರನ್ನೂ ನೋಡಿ ಒಳಗೆ ಹೋದಳು.

ಟೆಂಪೋದಲ್ಲಿ ನಿನ್ನವ್ವ ಒಂದು ಮಾತೂ ಕೇಳಲಿಲ್ಲ. ಮನೆಗೆ ಬಂದು ಎಂದಿನಂತೆ ರೊಟ್ಟಿ ಬಡಿದಳು, ನನಗೆ ಬಿಸಿಯದನ್ನೇ ಹಾಕಿದಳು. ನಾನು ಕೆಂಪು ನಾಜಲನ್ನು ಅವಳಿಲ್ಲದಾಗ ಗೂಡಿಗೆ ಸೇರಿಸಿದೆ, ಅದು ಅಲ್ಲಿಗೆ ಹೇಗೆ ಬಂತೆಂದೂ ಅವಳು ಕೇಳಲಿಲ್ಲ. ಅವಳು ಬೈದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ. ಇತ್ತ ಸುದ್ದಿ ನಮಗಿಂತ ಮೊದಲು ಹುನಗುಂದ ಮುಟ್ಟಿ ಇಳಕಲ್ಲಿಗೆ ಬಂದಿತ್ತು. ಶುಕ್ರವಾರ ಶೋರೂಮಿನವರು ಈ ತಿಂಗಳು ತೊಳೆಯುವುದು ಬೇಡ ಎಂದರು. ಶನಿವಾರ ಶಾಲೆಯ ನೀರಿನ ಟಾಕಿಯ ಕೆಲಸ ಹೋಯಿತು. ಭಾನುವಾರ ನೀನು ಫೋನ್ ಮಾಡಿ ಇಟ್ಟ ಮೇಲೆ ಇನ್ನೊಂದು ಕರೆ ಬಂತು. ನಿನ್ನವ್ವ ಅಂಗಳದಲ್ಲಿ ನಿಂತು, “ಹೌದ್ರಿ. ಹೌದು, ನನ್ನ ಕಡಿಂದನ ಆಗಿದ್ದು. ಹಂಗಾರ ಬ್ಯಾಡ ಬಿಡ್ರಿ” ಎನ್ನುತ್ತಿದ್ದಳು. ದನಿಯಲ್ಲಿ ಏನೂ ಇರಲಿಲ್ಲ. ಮಳೆ ಬಂತೇ ಎಂದು ಕೇಳಿದವರಿಗೆ ಉತ್ತರ ಕೊಡುವ ಹಾಗೆ ಹೇಳುತ್ತಿದ್ದಳು. ಫೋನ್ ಇಟ್ಟು ಒಣಗಿದ ಬಟ್ಟೆ ತೆಗೆಯಲು ಹೋದಳು, ಅದರಲ್ಲಿ ನನ್ನ ಅಂಗಿಯೂ ಇತ್ತು. ಆ ಅಂಗಿಯನ್ನು ಅವಳು ಎರಡು ಸಲ ಝಾಡಿಸಿ ಮಡಿಕೆ ಹಾಕಿದ್ದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಹುನಗುಂದಕ್ಕೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಹೊರಟೆ. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಬರಿಗೈಲಿ ಹೋಗಬಾರದೆಂದು ಕರದಂಟು ತೆಗೆದುಕೊಂಡೆ. ಹಲ್ಲಿಲ್ಲದ ಮುದುಕಿಗೆ ಕರದಂಟು ಒಯ್ಯುವ ಬುದ್ಧಿ ನೋಡು ನಿನ್ನ ಮುತ್ಯಾನದು. ಸಕ್ರವ್ವ ಒಬ್ಬಳೇ ಇದ್ದಳು, ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೊಟ್ಟಣ ಪಕ್ಕಕ್ಕಿಟ್ಟು, ಚರಿಗೆಯಲ್ಲಿ ನೀರು ತಂದುಕೊಟ್ಟು ಕೂಡಲು ಹೇಳಿದಳು. ಗೋಡೆ ನನ್ನ ಬೆನ್ನಿಗಿತ್ತು, ತಿರುಗಿ ನೋಡುವ ಧೈರ್ಯ ಬರಲಿಲ್ಲ. “ಯವ್ವಾ, ಅವತ್ತ ಕೆಂಪ ನಾಜಲ್ ಹಾಕಿದಾವ ನಾನು. ನನ್ನ ಸೊಸಿ ಅಲ್ಲ” ಎಂದೆ. ಇಷ್ಟೇ ಮಾತು. ಬಸ್ಸಿನಲ್ಲಿ ಕೂತು ಇನ್ನೂ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

ಸಕ್ರವ್ವ ಮೊರ ಕೆಳಗಿಟ್ಟಳು. “ನನಗ ಗೊತ್ತೈತಿ ತಮ್ಮಾ. ನಿನ್ನ ಊಟಕ್ಕ ಕರಿಯಾಕಂತ ನಾ ಬಾಗಲದಾಗ ಬಂದಿದ್ದೆ. ಬ್ಯಾಡೋ ಬ್ಯಾಡೋ ಅಂತ ಒದರಿದೆ. ಆ ಮಷಿನ್ ಸಪ್ಪಳದಾಗ ನಿನಗೆಲ್ಲಿ ಕೇಳಬೇಕು” ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹಾಗಾದರೆ ಮಗ ನನ್ನ ಸೊಸೆಗೆ ಅಂದಾಗ ಯಾಕೆ ಸುಮ್ಮನಿದ್ದೆ ಯವ್ವಾ ಎಂದು ಕೇಳಿದೆ. “ನೀ ಹೇಳ್ತಿ ಅಂತ ಕಾದೆ. ನಾ ಹೇಳಿದ್ರ ಅದು ಚಾಡಿ ಆಕ್ಕಿತ್ತು. ಐದ ದಿನ ತಗೊಂಡಿ ನೋಡು” ಎಂದಳು. ನಾನು ಅವಳ ಕಾಲು ಮುಟ್ಟಲು ಬಾಗಿದೆ, ಅವಳು ಕಾಲು ಹಿಂದಕ್ಕೆಳೆದುಕೊಂಡಳು. “ನನಗ ಹೇಳಿದ್ದಕ್ಕ ಮುಗೀಲಿಲ್ಲ. ನನ್ನ ಮಗನ ಮುಂದ ಹೇಳು. ಆಮ್ಯಾಲ ನಿನ್ನ ಸೊಸಿ ಮುಂದ ಹೇಳು. ಅಕ್ಷರ ಹೋಗಿದ್ದಕ್ಕ ನಾ ಅತ್ತೇನಿ, ಅದು ನನ್ನ ಪಾಡು. ಆಕಿ ಹೆಸರ ಕೆಟ್ಟಿದ್ದು ನೀ ಸರಿ ಮಾಡಬೇಕು.” ಅತ್ತಿದ್ದೇನೆ ಎಂದು ಅವಳು ಹೇಳಿದ ರೀತಿಯಲ್ಲಿ ನನ್ನ ಮೇಲೆ ಕೋಪವಿರಲಿಲ್ಲ, ಸಮಾಧಾನವೂ ಇರಲಿಲ್ಲ. ಕ್ಷಮಿಸಿದಳು ಎಂದು ನಾನು ಬರೆಯಲಾರೆ.

ಅಲ್ಲಿಂದ ನೇರ ಹುನಗುಂದಕ್ಕೆ ಬಂದೆ. ಕೋರ್ಟಿನ ಆವರಣದ ಬೇವಿನ ಗಿಡದ ಕೆಳಗೆ ಮಧ್ಯಾಹ್ನದ ಬಿಡುವಿನ ತನಕ ಕಾದೆ. ಸುತ್ತ ಕಕ್ಷಿದಾರರು, ಕರಿ ಕೋಟಿನ ವಕೀಲರು. ಅಲ್ಲಿ ಕೂತವರಲ್ಲಿ ಯಾರೂ ಕರೆಯದೆ ತಾನಾಗಿ ತಪ್ಪೊಪ್ಪಿಕೊಳ್ಳಲು ಬಂದವನು ನಾನೊಬ್ಬನೇ ಇರಬೇಕು. ನಾಗಲಿಂಗರು ಹೊರಗೆ ಬಂದವರು ನನ್ನನ್ನು ನೋಡಿ ನಿಂತರು. ಹೇಳಿದೆ. ಅವರು ಬೈಯಲಿಲ್ಲ. ಊಟದ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ನಾ ಆಕಿಗೆ ಆಡಿದ ಮಾತು ಈಗ ಹೆಂಗ ಹಿಂದ ತಗೊಳ್ಳಲ್ರಿ?” ಎಂದರು. ಆಮೇಲೆ, “ಕೇಳಿದವ್ರಿಗೆಲ್ಲ ನಾನ ಹೇಳಿಕೋಂತ ಅಡ್ಡಾಡೀನಿ” ಎಂದು ತಲೆ ತಗ್ಗಿಸಿದರು. ಸಂಜೆಯೊಳಗೆ ಅವರು ಯಾರ್ಯಾರಿಗೆ ಫೋನ್ ಮಾಡಿದರೋ ನನಗೆ ಗೊತ್ತಿಲ್ಲ. ಮರುದಿನ ಸಂಜೆ ಅವರೇ ಇಳಕಲ್ಲಿಗೆ ಬಂದು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, “ತಂಗಿ, ನನ್ನ ಬಾಯಿಂದ ತಪ್ಪಾತು” ಎಂದರು. ನಿನ್ನವ್ವ ಅವರಿಗೆ ಚಹಾ ಕೊಟ್ಟಳು. ಶೋರೂಮಿನವರು ಮತ್ತೆ ಕರೆದಿದ್ದಾರೆ, ಶಾಲೆಯವರು ಇನ್ನೂ ಕರೆದಿಲ್ಲ.

ಆದರೆ ಸೋಮವಾರ ಸಂಜೆ ನಿನ್ನವ್ವನ ಮುಂದೆ ಹೇಳಿದ್ದನ್ನು ನಿನಗೆ ಬರೆಯುವುದು ಇನ್ನೂ ಉಳಿಯಿತಲ್ಲ. ಕೋರ್ಟಿನ ಅಂಗಳಕ್ಕಿಂತ ನಮ್ಮ ಅಡುಗೆಮನೆಯ ಹೊಸ್ತಿಲು ಎತ್ತರವಾಗಿತ್ತು. ಅವಳು ಕಾಳು ಸೋಸುತ್ತಿದ್ದಳು. ನಾನು ಹೊಸ್ತಿಲ ಹೊರಗೆ ಕೂತು, “ಯವ್ವಾ, ನಾ ಇವತ್ತ ಸಕ್ರವ್ವನ ಮನಿಗೆ ಹೋಗಿದ್ದೆ. ಹೇಳಿ ಬಂದೇನಿ” ಎಂದೆ. ಅವಳ ಕೈ ನಿಂತಿತು. ನಾನು ಮುಂದುವರಿದು, ಮೊದಲು ಹೇಳಬೇಕಾದದ್ದು ನಿನಗೆ, ನನ್ನಿಂದ ತಪ್ಪಾಯಿತು ಎಂದೆ. ಅವಳು ಈ ಮನೆಗೆ ಬಂದು ಇಪ್ಪತ್ತಮೂರು ವರ್ಷ. ಆ ಮಾತನ್ನು ನಾನು ಅವಳಿಗೆ ಅಂದದ್ದು ಅದೇ ಮೊದಲು. “ನನಗ ಗೊತ್ತಿತ್ರಿ ಮಾವಾರ” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಕಾಳಿನ ಹೊಟ್ಟು ಬಿತ್ತೇನೋ ಎನ್ನುವ ಹಾಗೆ. ಆಮೇಲೆ ಅವಳ ಮೊದಲ ಮಾತು ಏನು ಗೊತ್ತೇ? “ಉಳದ ಗ್ವಾಡಿ ಹಂಗ ಬಿಟ್ಟ ಬಂದೇವಿ. ಶನಿವಾರ ಹೋಗೂಣ್ರಿ. ಅರ್ಧಾ ಸುಣ್ಣ, ಅರ್ಧಾ ಕಲ್ಲ, ಮುದುಕಿ ದಿನಾ ಹೆಂಗ ನೋಡತಾಳ ಅದನ್ನ.”

ಮೊನ್ನೆ ಶನಿವಾರ ಹೋದೆವು. ನಾನು ಪೈಪು ಹಿಡಿದೆ, ಅವಳು ಗನ್ ಹಿಡಿದಳು. ಬಿಳಿ ನಾಜಲ್, ಎರಡು ಮೊಳ ದೂರ. ಎತ್ತಿನವನು ಮತ್ತೆ ಆ ದಾರಿಯಲ್ಲಿ ಬಂದ, ಬಂದು ಹೋದ, ಅವನು ಏನಂದನೋ ನಾನು ಕಿವಿ ಕೊಡಲಿಲ್ಲ. ಇಳಿಹೊತ್ತಿಗೆ ಬಾಗಿಲಿನ ಎರಡೂ ಬದಿ ಪೂರ್ತಿ ತೆರೆದು, ತಿಳಿಗೆಂಪು ಕಲ್ಲು ಬಿಸಿಲಿಗೆ ಬಂತು. ನಾಗಲಿಂಗರು ಬಾದಾಮಿಯಲ್ಲಿ ಒಳ್ಳೆಯ ಶಿಲ್ಪಿಗಳಿದ್ದಾರೆ, ಹೋದ ಎರಡು ಅಕ್ಷರ ಮತ್ತೆ ಕಡೆಸೋಣ ಎಂದರು. ಸಕ್ರವ್ವ ಕೈಯಾಡಿಸಿದಳು. “ಬ್ಯಾರೆಯವ್ರ ಕೈ ಬ್ಯಾಡ. ಅವ್ರದು ಇಷ್ಟ ಉಳದೈತಿ, ಇರಲಿ” ಎಂದು ‘ವ್ವ’ದ ಮೇಲೆ ಮೊದಲ ಸಲ ಬೆರಳಿಟ್ಟು ಅದರ ತಗ್ಗಿನಲ್ಲೇ ಮೆಲ್ಲಗೆ ಸುತ್ತಿಸಿದಳು. ಆಮೇಲೆ ಕೆಳಗೆ ಬಿದ್ದಿದ್ದ ಸುಣ್ಣದ ಹೆಕ್ಕಳಿಕೆಯೊಂದನ್ನು ಎತ್ತಿಕೊಂಡು, ಗೋಡೆಗೆ ಎಡಗೈ ಊರಿ, ನಾನು ತೊಳೆದು ಬರಿದು ಮಾಡಿದ ಜಾಗದಲ್ಲಿ ಬರೆಯತೊಡಗಿದಳು. ಪೆನ್ಶನ್ ಕಾಗದಕ್ಕೆ ಸಹಿ ಮಾಡುವ ಅದೇ ಕೈ. ‘ಸ’ ಬರೆದಳು, ‘ಕ’ ಬರೆದಳು, ಒತ್ತು ಕೊಡುವುದನ್ನು ಮರೆತಳು. ನಾಗಲಿಂಗರು “ಅವ್ವಾ, ಕೆಳಗೊಂದು ಒತ್ತು” ಎಂದು ಬಾಯಿ ಹಾಕಿದರು. ಅವಳು ತಿರುಗಿ ನೋಡಿದ ನೋಟಕ್ಕೆ ಕೋರ್ಟಿನ ಗುಮಾಸ್ತರು ಒಂದು ಹೆಜ್ಜೆ ಹಿಂದೆ ಸರಿದರು. ನಾವು ಹೊರಟಾಗ ಅವಳು ಗೋಡೆಯ ಎದುರಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಮಳೆ ಬಂದರೆ ಅಳಿಸಿಹೋಗುತ್ತದಲ್ಲ ಎಂದು ನಿನ್ನವ್ವ ಕೇಳಿದ್ದಕ್ಕೆ, “ಹೋದ್ರ ಮತ್ತ ಬರೀತೇನಿ. ನನಗ ಬ್ಯಾರೆ ಏನ ಕೆಲಸೈತಿ” ಎಂದಳು.

ಇದೇ ಸುದ್ದಿ. ಪತ್ರ ಉದ್ದವಾಯಿತು, ಪರೇಡಿನ ಹೊತ್ತು ತಪ್ಪಿಸಿಕೊಂಡು ಓದಬೇಡ. ನಿನ್ನ ಕೋಣೆಯ ಗೆಳತಿ ತಬಸುಮಳಿಗೂ ನನ್ನ ಆಶೀರ್ವಾದ ಹೇಳು. ಅವಳು ನಿನ್ನ ಹಿಮ್ಮಡಿಗೆ ಪಟ್ಟಿ ಕಟ್ಟಿದಳು ಎಂದಿದ್ದೆಯಲ್ಲ, ಆ ಹುಡುಗಿ ಸುಖವಾಗಿರಲಿ. ಬಸವಣ್ಣ ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಖಾಕಿ ಹಾಕಿ ಈ ಬಾಗಿಲಿಗೆ ಬರುವ ದಿನ ಮೊದಲ ಸಲ್ಯೂಟು ಯಾರಿಗೆ ಎಂದು ಯೋಚಿಸಿಟ್ಟುಕೋ.

ಇತಿ ನಿನ್ನ ಹಿತ ಬಯಸುವ
ಮುತ್ಯಾ
ಅಂದಾನಪ್ಪ

ತಾ.ಕ.: ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ಚೀಲ ಕಟ್ಟುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಓದಿಕೋ. ನಿನ್ನ ಅಪ್ಪನ ಮೋಟರ್ ಸೈಕಲ್ ಮಾರಿದ್ದು ನಿನ್ನವ್ವ ಅಲ್ಲ. ನಾನು. ಅವಳು ತವರಿಗೆ ಹೋಗಿದ್ದಾಗ ಅವಳನ್ನೂ ಕೇಳದೆ ಮಾರಿದೆ. ದಿನಾ ಬೆಳಿಗ್ಗೆ ಆ ಗಾಡಿ ಬಾಗಿಲಲ್ಲಿ ನಿಂತಿರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ತಿರುಗಿ ಬಂದು ಅವಳು ಖಾಲಿ ಜಾಗದಲ್ಲಿ ಕೂತು ಅತ್ತಳು. ಹದಿನೈದು ದಿನದ ಮೇಲೆ ನೀನು ಹಾಸ್ಟೆಲಿನಿಂದ ಬಂದು ಕೂಗಾಡಿದಾಗ “ನಾನ ಮಾರೀನಿ” ಎಂದುಬಿಟ್ಟಳು, ನಾನು ಒಳಗೆ ಕೇಳುತ್ತ ನಿಂತಿದ್ದೆ. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ನಾನು ಕೇಳಿದ್ದಕ್ಕೆ, “ಅಪ್ಪ ಇಲ್ಲದ ಕೂಸು, ಮುತ್ಯಾ ಆದ್ರೂ ಇರಲಿ ಆಕಿಗೆ” ಎಂದಳು. ಎರಡೂವರೆ ವರ್ಷದಿಂದ ನೀನು ಅವಳ ಜೊತೆ ಬೇಕಾದಷ್ಟೇ ಮಾತಾಡುತ್ತೀ, ಫೋನನ್ನು ನನಗೇ ಕೇಳುತ್ತೀ. ಈ ಭಾನುವಾರ ನನ್ನನ್ನು ಕೇಳಬೇಡ. ಹತ್ತೂ ನಿಮಿಷ ಅವಳಿಗೇ ಕೊಡು. ನನ್ನನ್ನು ಬೈಯುವುದು ಬಹಳ ಇರುತ್ತದೆ, ಅದನ್ನು ಪತ್ರದಲ್ಲಿ ಬರೆ.